ಆಸ್ತಿಕ–ನಾಸ್ತಿಕ ಸಂವಾದವೂ ಸದಾಚಾರವೂ

ದೇವರುಂಟೆ ಇಲ್ಲವೆ ಎಂಬ ಪ್ರಶ್ನೆಯು ಇಂದು ನಿನ್ನೆಯದಲ್ಲ. ಮಾನವನು ಆಲೋಚಿಸಲು ತೊಡಗಿದಂದಿನಿಂದಲೂ ಉಂಟೆನ್ನುವವರೂ ಇಲ್ಲವೆನ್ನುವವರೂ ಲೋಕದಲ್ಲಿ ಒಟ್ಟಾಗಿಯೇ ಬಾಳಿಕೊಂಡು ಬಂದಿದ್ದಾರೆ. ಹಿಂದೆ ಈ ಚರ್ಚೆಯು ಬಹುಮಟ್ಟಿಗೆ ಪಂಡಿತರ ಸಭೆಗಳಲ್ಲಿಯೂ ಮಠಗಳ ಪಾಠಶಾಲೆಗಳಲ್ಲಿಯೂ ನಡೆಯುತ್ತಿದ್ದಿತು. ಇಂದಾದರೋ ಅದು ಸದ್ಭಕ್ತರ ಮನೆಯ ಪಡಸಾಲೆಗೇ ಬಂದು ಕುಳಿತಿದೆ. ಪಟ್ಟಣದಲ್ಲಿ ವಿದ್ಯೆ ಕಲಿತು ಬಂದ ಮಗನು ಇಷ್ಟಲಿಂಗಪೂಜೆಗೆ ಕೂಡಲೊಲ್ಲೆನೆನ್ನುತ್ತಾನೆ. ಏಕೆಂದು ಕೇಳಿದರೆ ದೇವರಲ್ಲಿ ತನಗೆ ನಂಬಿಕೆಯಿಲ್ಲವೆನ್ನುತ್ತಾನೆ. ತಂದೆಯು ಕೆರಳುತ್ತಾನೆ, ತಾಯಿಯು ಕಣ್ಣೀರಿಡುತ್ತಾಳೆ, ನೆರೆಹೊರೆಯವರು ಮನೆತನ ಕೆಟ್ಟಿತೆನ್ನುತ್ತಾರೆ. ಎರಡು ದಿನ ಮಾತಿಗೆ ಮಾತು ಬೆಳೆದು ಮೂರನೆಯ ದಿನ ಮಾತೇ ನಿಂತುಹೋಗುತ್ತದೆ. ಒಂದೇ ಮನೆಯಲ್ಲಿದ್ದು ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುತ್ತಿದ್ದವರು ಅಪರಿಚಿತರಂತಾಗುತ್ತಾರೆ.

ಈ ಪಾಠದ ಉದ್ದೇಶವು ದೇವರ ಅಸ್ತಿತ್ವವನ್ನು ತರ್ಕದಿಂದ ಸಾಧಿಸುವುದಲ್ಲ. ಆ ಕಾರ್ಯವನ್ನು ಆಚಾರ್ಯರು ತಮ್ಮ ಗ್ರಂಥಗಳಲ್ಲಿ ಮಾಡಿದ್ದಾರೆ. ನಂಬುವವನೂ ನಂಬದವನೂ ಪರಸ್ಪರ ಮಾತನಾಡಿ ಇಬ್ಬರೂ ಉತ್ತಮರಾಗುವುದು ಸಾಧ್ಯವೇ, ಸಾಧ್ಯವಾದರೆ ಯಾವ ಬಗೆಯ ಮಾತಿನಿಂದ ಎಂಬಿಷ್ಟನ್ನು ಇಲ್ಲಿ ವಿಚಾರಿಸಲಾಗುವುದು.

೧. ಶಬ್ದಾರ್ಥ ವಿಚಾರ

ಮೊದಲು ‘ನಾಸ್ತಿಕ’ ಎಂಬ ಶಬ್ದವನ್ನೇ ನೋಡಬೇಕು. ಉಂಟೆಂಬ ಮತಿಯುಳ್ಳವನು ಆಸ್ತಿಕ, ಇಲ್ಲವೆಂಬ ಮತಿಯುಳ್ಳವನು ನಾಸ್ತಿಕ ಎಂದು ಪಾಣಿನಿಯ ಸೂತ್ರದಿಂದ ಈ ಶಬ್ದಗಳು ಸಿದ್ಧವಾಗುತ್ತವೆ. ಏನು ಉಂಟು, ಏನು ಇಲ್ಲ ಎಂಬುದಕ್ಕೆ ವ್ಯಾಖ್ಯಾನಕಾರರು ಪರಲೋಕವೆಂದು ಅರ್ಥಮಾಡಿದರು. ಮನುಸ್ಮೃತಿಯಾದರೋ ವೇದವನ್ನು ನಿಂದಿಸುವವನೇ ನಾಸ್ತಿಕನೆಂದಿತು. ಈ ಎರಡು ಅರ್ಥಗಳಲ್ಲಿಯೂ ಸೃಷ್ಟಿಕರ್ತನಾದ ಈಶ್ವರನ ಮಾತೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ನಿರೀಶ್ವರ ಸಾಂಖ್ಯರೂ ಪೂರ್ವಮೀಮಾಂಸಕರೂ ಜಗತ್ತಿಗೆ ಕರ್ತೃವಾದ ಈಶ್ವರನನ್ನು ಒಪ್ಪಲಿಲ್ಲ. ಆದರೂ ವೇದಪ್ರಾಮಾಣ್ಯವನ್ನು ಅಂಗೀಕರಿಸಿದುದರಿಂದ ಅವರು ಆಸ್ತಿಕರೆನಿಸಿದರು. ಜೈನರೂ ಬೌದ್ಧರೂ ಅಹಿಂಸಾದಿ ವ್ರತಗಳನ್ನು ಕಠಿನವಾಗಿ ಪಾಲಿಸಿದರೂ ನಾಸ್ತಿಕರ ಪಟ್ಟಿಗೆ ಸೇರಿದರು. ಮನುವಿನ ಲಕ್ಷಣವನ್ನೇ ಅಳತೆಗೋಲನ್ನಾಗಿ ಹಿಡಿದರೆ, ವೇದದ ಹಿರಿಮೆಯನ್ನು ಪ್ರಶ್ನಿಸಿ ನುಡಿದ ಶರಣರನ್ನು ಯಾವ ಪಂಕ್ತಿಯಲ್ಲಿ ಕುಳ್ಳಿರಿಸಬೇಕಾದೀತು? ಆ ಕಾಲದ ವೈದಿಕರ ದೃಷ್ಟಿಯಲ್ಲಿ ಕಲ್ಯಾಣದ ಶಿವಭಕ್ತರೂ ಧರ್ಮಬಾಹ್ಯರೇ ಆಗಿದ್ದರು.

ಆದುದರಿಂದ ಒಬ್ಬನನ್ನು ನಾಸ್ತಿಕನೆಂದು ಕರೆದೊಡನೆ ಆತನ ನಡತೆಯ ವಿಷಯದಲ್ಲಿ ಏನನ್ನೂ ಹೇಳಿದಂತಾಗುವುದಿಲ್ಲ. ಆತನು ಯಾವುದನ್ನು ಇಲ್ಲವೆನ್ನುತ್ತಾನೆಂಬುದು ತಿಳಿದೀತೇ ಹೊರತು ಯಾವುದನ್ನು ಉಂಟೆಂದು ನಂಬಿ ಬಾಳುತ್ತಾನೆಂಬುದು ತಿಳಿಯದು. ಸಂವಾದವು ಆರಂಭವಾಗಬೇಕಾದುದು ಆ ಎರಡನೆಯ ಸ್ಥಳದಿಂದ.

೨. ಮಾತಿನ ಮೂರು ಬಗೆಗಳು

ನ್ಯಾಯಶಾಸ್ತ್ರವು ಇಬ್ಬರು ಎದುರುಬದುರಾಗಿ ಕುಳಿತು ನಡೆಸುವ ಚರ್ಚೆಗೆ ‘ಕಥೆ’ಯೆಂದು ಹೆಸರಿಟ್ಟು ಅದನ್ನು ವಾದ, ಜಲ್ಪ, ವಿತಂಡ ಎಂದು ಮೂರು ವಿಧವಾಗಿ ವಿಂಗಡಿಸಿದೆ. ತತ್ತ್ವವನ್ನು ತಿಳಿಯಬೇಕೆಂಬ ಇಚ್ಛೆಯಿಂದ, ಪ್ರಮಾಣಗಳನ್ನೂ ತರ್ಕವನ್ನೂ ಆಶ್ರಯಿಸಿ ನಡೆಸುವುದು ವಾದ. ಗೆಲುವನ್ನೇ ಗುರಿಯಾಗಿಟ್ಟುಕೊಂಡು, ಶಬ್ದಚ್ಛಲದಿಂದಲೋ ಹುಸಿಯುತ್ತರದಿಂದಲೋ ಎದುರಾಳಿಯನ್ನು ಕೆಡಹುವುದು ಜಲ್ಪ. ತನ್ನದೆಂಬ ಒಂದು ಪಕ್ಷವನ್ನೂ ಸ್ಥಾಪಿಸದೆ ಇನ್ನೊಬ್ಬನು ಹೇಳಿದುದನ್ನೆಲ್ಲ ಕೆದಕಿ ಕೆಡಿಸುವುದು ವಿತಂಡ. ಗುರುಶಿಷ್ಯರೂ ಸಹಪಾಠಿಗಳೂ ಶ್ರೇಯಸ್ಸನ್ನು ಬಯಸುವವರೂ ಅಸೂಯೆಯಿಲ್ಲದೆ ಕೂಡಿ ನಡೆಸತಕ್ಕುದು ವಾದವೊಂದೇ ಎಂದು ಶಾಸ್ತ್ರಕಾರರ ಅಭಿಪ್ರಾಯ.

ವಾದಕ್ಕೆ ಇನ್ನೊಂದು ನಿಯಮವೂ ಉಂಟು. ಸಿದ್ಧಾಂತವನ್ನು ಹೇಳುವುದಕ್ಕೆ ಮೊದಲು ಪೂರ್ವಪಕ್ಷವನ್ನು ಪೂರ್ಣವಾಗಿ, ಅದರ ಬಲ ಕುಗ್ಗದಂತೆ ನಿರೂಪಿಸಬೇಕು. ೧೪ನೆಯ ಶತಮಾನದಲ್ಲಿ ವಿಜಯನಗರದ ಕಾಲದಲ್ಲಿ ರಚಿತವಾದ ಮಾಧವನ ‘ಸರ್ವದರ್ಶನಸಂಗ್ರಹ’ವು ಚಾರ್ವಾಕ ದರ್ಶನದಿಂದಲೇ ಆರಂಭವಾಗುತ್ತದೆ. ಚಾರ್ವಾಕರ ಮೂಲಗ್ರಂಥಗಳು ಬಹುಪಾಲು ನಷ್ಟವಾಗಿವೆ. ಅವರ ಮತವು ಇಂದು ನಮಗೆ ತಿಳಿದಿರುವುದು ಹೆಚ್ಚಾಗಿ ಅವರನ್ನು ಖಂಡಿಸಿದವರ ಗ್ರಂಥಗಳಿಂದಲೇ. ಈಶ್ವರನನ್ನು ಸಾಧಿಸಲು ಉದಯನಾಚಾರ್ಯರು ಬರೆದ ‘ನ್ಯಾಯಕುಸುಮಾಂಜಲಿ’ಯಲ್ಲಿಯೂ ಒಂದೊಂದು ಸ್ತಬಕವು ಒಂದೊಂದು ಆಕ್ಷೇಪಕ್ಕೆ ಉತ್ತರವಾಗಿ ನಿಂತಿದೆ.

ಇಲ್ಲಿ ಭಕ್ತರ ಮನಸ್ಸಿನಲ್ಲಿ ಒಂದು ಶಂಕೆ ಹುಟ್ಟುವುದು ಸಹಜ. ಶಿವನಿಂದೆಯನ್ನು ಕಿವಿಯಿಂದ ಕೇಳಬಾರದೆಂಬುದು ಗಣಾಚಾರದ ಕಟ್ಟಳೆಯಲ್ಲವೆ? ದೇವರಿಲ್ಲವೆನ್ನುವವನೊಡನೆ ಕುಳಿತು ಮಾತನಾಡಿದರೆ ಆಚಾರಭಂಗವಾಗದೆ? ಇದಕ್ಕೆ ಸಮಾಧಾನವಿಷ್ಟೆ. ನಿಂದೆ ಬೇರೆ, ನಿರಾಕರಣೆ ಬೇರೆ. ನೋಯಿಸಬೇಕೆಂದು, ಹೀನಾಯಮಾಡಬೇಕೆಂದು ಆಡಿದ ಮಾತು ನಿಂದೆ. ತನಗೆ ಕಾಣದುದನ್ನು ಕಾಣೆನೆಂದು ಹೇಳುವುದು ನಿರಾಕರಣೆ. ನಿರಾಕರಣೆಯನ್ನು ಕೇಳುವುದೇ ಪಾಪವಾಗಿದ್ದಲ್ಲಿ ಉದಯನರಂಥವರು ತಮ್ಮ ಕೈಯಿಂದಲೇ ಪೂರ್ವಪಕ್ಷವನ್ನು ಬರೆಯುತ್ತಿರಲಿಲ್ಲ. ಆಸ್ತಿಕನು ಸಹ ನಿಂದೆಯನ್ನಾಡಬಲ್ಲನೆಂಬುದನ್ನು ಮರೆಯಲಾಗದು. ನಂಬದವನನ್ನು ನೀತಿಗೆಟ್ಟವನೆಂದು ವಿಚಾರಿಸದೆಯೇ ಹಳಿಯುವುದು ನಿಂದೆಯಲ್ಲದೆ ಮತ್ತೇನು?

೩. ಲಂಡನ್ನಿನ ಒಂದು ಪ್ರಸಂಗ

ನಿಷ್ಫಲವಾದ ಮಾತು ಹೇಗಿರುತ್ತದೆಂಬುದಕ್ಕೆ ಮಹಾತ್ಮಾ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಹೇಳಿರುವ ಒಂದು ಪ್ರಸಂಗವು ನಿದರ್ಶನವಾಗಿದೆ. ಅವರು ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, ೧೮೯೧ರ ಜನವರಿ ೩೦ರಂದು ಚಾರ್ಲ್ಸ್ ಬ್ರಾಡ್ಲಾ ಎಂಬವರು ತೀರಿಕೊಂಡರು. ಬ್ರಾಡ್ಲಾ ಪ್ರಸಿದ್ಧ ನಾಸ್ತಿಕರು. ಭಾರತದ ಹಿತಕ್ಕಾಗಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ವಾದಿಸಿದವರು. ೧೮೮೯ರಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದವರು. ಆದುದರಿಂದ ಲಂಡನ್ನಿನಲ್ಲಿದ್ದ ಭಾರತೀಯರು ಅವರ ಅಂತ್ಯಸಂಸ್ಕಾರಕ್ಕೆ ಹೋದರು. ಕೆಲವು ಪಾದ್ರಿಗಳೂ ಬಂದಿದ್ದರು. ಹಿಂದಿರುಗುವಾಗ ರೈಲು ನಿಲ್ದಾಣದಲ್ಲಿ ನಾಸ್ತಿಕವಾದಿಯೊಬ್ಬನು ಒಬ್ಬ ಪಾದ್ರಿಯನ್ನು ಹಿಡಿದು ನಿಲ್ಲಿಸಿದನು. ಭೂಮಿಯ ಸುತ್ತಳತೆ ಇಷ್ಟು ಸಾವಿರ ಮೈಲಿಯೆಂದು ಒಪ್ಪಿಸಿ, ಹಾಗಾದರೆ ನಿಮ್ಮ ದೇವರ ಗಾತ್ರವೆಷ್ಟು, ಆತನಿರುವುದೆಲ್ಲಿ ಎಂದು ಕೇಳಿದನು. ಅರಿತರೆ ಆತನು ನಮ್ಮಿಬ್ಬರ ಹೃದಯದಲ್ಲಿಯೂ ಇದ್ದಾನೆಂದು ಪಾದ್ರಿಯು ಮೆಲ್ಲಗೆ ಉತ್ತರಿಸಿದನು. ತನ್ನನ್ನು ಮಗುವೆಂದು ತಿಳಿಯಬೇಡವೆಂದು ಹೇಳಿ ನಾಸ್ತಿಕವಾದಿಯು ಗೆದ್ದವನಂತೆ ಸುತ್ತ ನೋಡಿದನು. ಪಾದ್ರಿಯು ಸುಮ್ಮನಾದನು. ಇದನ್ನು ಕೇಳುತ್ತಿದ್ದ ಯುವಕ ಗಾಂಧಿಗೆ ನಾಸ್ತಿಕವಾದದ ವಿಷಯದಲ್ಲಿ ಮೊದಲೇ ಇದ್ದ ಅರುಚಿಯು ಮತ್ತಷ್ಟು ಹೆಚ್ಚಿತು.

ಇದು ಜಲ್ಪ. ಗೆದ್ದವನು ಒಬ್ಬನನ್ನೂ ತನ್ನ ಕಡೆಗೆ ಸೆಳೆಯಲಿಲ್ಲ. ನೋಡುತ್ತ ನಿಂತಿದ್ದವನು ಆ ಪಕ್ಷದಿಂದ ಇನ್ನೂ ದೂರವಾದನು. ಪಾತ್ರಗಳನ್ನು ಅದಲುಬದಲು ಮಾಡಿದರೂ ಫಲವು ಇದೇ. ನಾಲ್ಕು ಜನರೆದುರಿಗೆ ಮಗನನ್ನು ಶಾಸ್ತ್ರವಾಕ್ಯದಿಂದ ಬಾಯಿಮುಚ್ಚಿಸಿದ ತಂದೆಯು ಆ ಹೊತ್ತು ಗೆದ್ದಿರಬಹುದು. ಮಗನು ಮಾತ್ರ ಭಕ್ತನಾಗಿರುವುದಿಲ್ಲ.

ಆ ದಿನ ಮಣ್ಣುಗೂಡಿದ ಬ್ರಾಡ್ಲಾ ಅವರ ಬಾಳಾದರೋ ಆ ಜಲ್ಪಕ್ಕೆ ತೀರ ಬೇರೆಯಾಗಿತ್ತು. ೧೮೮೦ರಲ್ಲಿ ನಾರ್ಥಾಂಪ್ಟನ್ ಕ್ಷೇತ್ರದಿಂದ ಆಯ್ಕೆಯಾದಾಗ ಅವರು ದೇವರ ಹೆಸರಿನ ಪ್ರಮಾಣಕ್ಕೆ ಬದಲಾಗಿ ಸತ್ಯವನ್ನು ಸಾಕ್ಷಿಯಾಗಿಟ್ಟು ದೃಢೀಕರಣ ಮಾಡುವೆನೆಂದರು. ಸಭೆಯು ಒಪ್ಪಲಿಲ್ಲ. ಅವರನ್ನು ಹೊರಗಿಟ್ಟಿತು, ಒಂದು ರಾತ್ರಿ ಬಂಧನದಲ್ಲಿಯೂ ಇಟ್ಟಿತು. ಕ್ಷೇತ್ರದ ಜನರು ಮತ್ತೆ ಮತ್ತೆ ಅವರನ್ನೇ ಆರಿಸಿ ಕಳುಹಿಸಿದರು. ೧೮೮೬ರಲ್ಲಿ ಅವರಿಗೆ ಪೀಠ ದೊರೆಯಿತು. ೧೮೮೮ರಲ್ಲಿ ಅವರ ಪ್ರಯತ್ನದಿಂದಲೇ ದೃಢೀಕರಣಕ್ಕೆ ಅವಕಾಶ ಕೊಡುವ ಕಾಯಿದೆಯಾಯಿತು. ಅವರು ಮರಣಶಯ್ಯೆಯಲ್ಲಿದ್ದಾಗ, ೧೮೯೧ರ ಜನವರಿ ೨೭ರಂದು, ಅದೇ ಸಭೆಯು ತನ್ನ ೧೮೮೦ರ ನಿರ್ಣಯವನ್ನು ದಾಖಲೆಯಿಂದ ತೆಗೆದುಹಾಕಿತು.

ಭಾರತದ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಇಂದು ಎರಡು ರೂಪಗಳೂ ಅಕ್ಕಪಕ್ಕದಲ್ಲಿಯೇ ಇವೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು. ಇಲ್ಲವೆ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ೧೯೪೯ರ ಅಕ್ಟೋಬರ್ ೧೭ರಂದು ಸಂವಿಧಾನ ಸಭೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಪ್ರಸ್ತಾವನೆಯನ್ನು ದೇವರ ಹೆಸರಿನಿಂದ ಆರಂಭಿಸಬೇಕೆಂದು ತಿದ್ದುಪಡಿ ತಂದರು. ಪರವಾಗಿ ೪೧, ವಿರುದ್ಧವಾಗಿ ೬೮ ಮತಗಳು ಬಂದು ಅದು ಬಿದ್ದುಹೋಯಿತು. ವಿರೋಧಿಸಿದವರಲ್ಲಿ ದೈವಭಕ್ತರೇ ಅನೇಕರಿದ್ದರು. ನಂಬದವನ ಬಾಯಿಂದ ಬಲವಂತವಾಗಿ ದೇವರ ಹೆಸರನ್ನು ನುಡಿಸುವುದು ಭಕ್ತಿಯಲ್ಲವೆಂಬುದೂ, ದೇವರ ವಿಷಯವು ಕೈಯೆತ್ತಿಸಿ ತೀರ್ಮಾನಿಸತಕ್ಕುದಲ್ಲವೆಂಬುದೂ ಅಂದಿನ ಚರ್ಚೆಯಲ್ಲಿ ಕಾಣಬರುವ ಭಾವ.

೪. ಸೇವಾಗ್ರಾಮದ ಸಂವಾದ

ಫಲಿಸಿದ ವಾದಕ್ಕೆ ನಿದರ್ಶನವೂ ಗಾಂಧೀಜಿಯವರ ಬಾಳಿನಲ್ಲಿಯೇ ದೊರೆಯುತ್ತದೆ. ಆಂಧ್ರದೇಶದಲ್ಲಿ ‘ಗೋರಾ’ ಎಂದು ಪ್ರಸಿದ್ಧರಾದ ಗೋಪರಾಜು ರಾಮಚಂದ್ರರಾಯರು ೧೯೦೨ರಲ್ಲಿ ಬ್ರಾಹ್ಮಣ ಮನೆತನವೊಂದರಲ್ಲಿ ಹುಟ್ಟಿದರು. ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ದೇವರಿಲ್ಲವೆಂದು ಬಹಿರಂಗವಾಗಿ ಹೇಳಿದ ಕಾರಣದಿಂದ ಉದ್ಯೋಗವನ್ನು ಕಳೆದುಕೊಂಡರು. ೧೯೪೦ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿ, ಪತ್ನಿ ಸರಸ್ವತಿಯವರೊಡನೆ ಅಸ್ಪೃಶ್ಯತೆಯ ನಿವಾರಣೆ, ಸಹಭೋಜನ, ವಯಸ್ಕರ ಶಿಕ್ಷಣ ಮೊದಲಾದ ಕಾರ್ಯಗಳಲ್ಲಿ ತೊಡಗಿದರು. ೧೯೪೭ರಲ್ಲಿ ಆ ಕೇಂದ್ರವು ವಿಜಯವಾಡಕ್ಕೆ ಬಂದಿತು.

ಗೋರಾ ಅವರು ೧೯೪೧ರಲ್ಲಿ ಗಾಂಧೀಜಿಯವರಿಗೆ ಪತ್ರ ಬರೆದು, ಅಸ್ಪೃಶ್ಯತೆಯನ್ನು ನಾಸ್ತಿಕ ದೃಷ್ಟಿಯಿಂದ ನಿವಾರಿಸುವ ವಿಷಯವನ್ನು ಪ್ರಸ್ತಾಪಿಸಿದರು. ಬಂದ ಉತ್ತರವು ಚಿಕ್ಕದು, ಪ್ರೋತ್ಸಾಹಕರವೂ ಅಲ್ಲ. ನಾಸ್ತಿಕತೆಯೆಂದರೆ ತನ್ನನ್ನೇ ತಾನು ನಿರಾಕರಿಸಿಕೊಂಡಂತೆ ಎಂಬುದು ಗಾಂಧೀಜಿಯವರ ಅಂದಿನ ಮತ. ಆದರೆ ೧೯೪೪ರಲ್ಲಿ ಅವರೇ ಗೋರಾ ಅವರನ್ನು ಸೇವಾಗ್ರಾಮಕ್ಕೆ ಬರಮಾಡಿಕೊಂಡರು. ಆ ಮಾತುಕತೆಗಳನ್ನು ಗೋರಾ ಅವರು ೧೯೫೧ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅದನ್ನು ಅಚ್ಚುಮಾಡಿದುದು ಗಾಂಧೀಜಿಯವರೇ ಆರಂಭಿಸಿದ ನವಜೀವನ ಪ್ರಕಾಶನ. ಅದಕ್ಕೆ ಮುನ್ನುಡಿ ಬರೆದವರು ದೃಢ ಆಸ್ತಿಕರಾದ ಕಿಶೋರಲಾಲ ಮಶ್ರೂವಾಲಾ.

ಸಂಜೆಯ ನಡಿಗೆಯಲ್ಲಿ ಮೊದಲ ಭೇಟಿಯಾಯಿತು. ದೇವರನ್ನು ತೊರೆದವನೊಡನೆ ಏನು ಮಾತನಾಡಲಿ ಎಂದು ಗಾಂಧೀಜಿ ವಿನೋದವಾಗಿ ಕೇಳಿದರು. ತಾನು ದೇವಹೀನನಲ್ಲ, ನಾಸ್ತಿಕನೆಂದು ಗೋರಾ ಉತ್ತರಿಸಿ ಆ ಎರಡಕ್ಕೂ ಇರುವ ಭೇದವನ್ನು ವಿವರಿಸಿದರು. ದೇವಹೀನತೆಯೆಂಬುದು ಬರಿಯ ಅಭಾವ. ನಾಸ್ತಿಕತೆಯಾದರೋ ತನ್ನ ಬಾಳಿಗೆ ತಾನೇ ಹೊಣೆಯೆಂಬ ಒಂದು ಭಾವ. ಶಬ್ದಾರ್ಥವನ್ನು ಮೊದಲು ಸರಿಪಡಿಸಿಕೊಂಡುದರಿಂದ ಮುಂದಿನ ಮಾತು ದಾರಿತಪ್ಪಲಿಲ್ಲ.

ಗೋರಾ ಅವರು ಮಂಡಿಸಿದ ಪೂರ್ವಪಕ್ಷವು ದೇವರ ಗಾತ್ರವನ್ನು ಕೇಳುವ ಕುಚೋದ್ಯವಾಗಿರಲಿಲ್ಲ. ೧೯೪೩ರ ಬಂಗಾಳದ ಕ್ಷಾಮದಲ್ಲಿ ಕಲಕತ್ತೆಯ ಬೀದಿಗಳಲ್ಲಿ, ಮಿಠಾಯಿ ಅಂಗಡಿಗಳ ಎದುರಿನಲ್ಲಿಯೇ ಜನರು ಹಸಿವಿನಿಂದ ಸತ್ತರು. ಸಾಯುವವರು ತಮ್ಮ ಹಣೆಬರಹವೆಂದುಕೊಂಡರು. ಉಳ್ಳವರು ಅದು ಅವರ ಕರ್ಮವೆಂದುಕೊಂಡರು. ಇಬ್ಬರ ನಂಬಿಕೆಯೂ ಸೇರಿ ಅನ್ಯಾಯವನ್ನು ನಿಲ್ಲಗೊಟ್ಟಿತು. ಮನುಷ್ಯನು ತನ್ನ ಹೊಣೆಯನ್ನು ದೇವರ ಮೇಲೆ ಹೊರಿಸುವುದನ್ನು ಬಿಟ್ಟಲ್ಲದೆ ನೀತಿವಂತನಾಗಲಾರನೆಂಬುದು ಅವರ ವಾದ.

ಗಾಂಧೀಜಿಯವರು ಇದನ್ನು ತಾಳ್ಮೆಯಿಂದ ಕೇಳಿದರು. ಆ ಮಾತಿನಲ್ಲಿ ಒಂದು ಆದರ್ಶವು ತಮಗೆ ಕಾಣುತ್ತಿದೆಯೆಂದರು. ತಮ್ಮ ಆಸ್ತಿಕತೆಯೇ ಸರಿಯೆಂದೂ ಗೋರಾ ಅವರ ನಾಸ್ತಿಕತೆ ತಪ್ಪೆಂದೂ ಹೇಳಲಾರೆನೆಂದರು. ಇಬ್ಬರೂ ಸತ್ಯವನ್ನು ಹುಡುಕುವವರೇ. ಯಾರದು ಸರಿಯೆಂಬುದನ್ನು ಫಲವು ತೋರಿಸಲಿ. ತಾವು ಅವರ ದಾರಿಗೆ ಬರಬಹುದು, ಅವರು ತಮ್ಮ ದಾರಿಗೆ ಬರಬಹುದು, ಇಬ್ಬರೂ ಮೂರನೆಯ ದಾರಿಯನ್ನು ಹಿಡಿಯಲೂಬಹುದು. ಕಾರ್ಯವು ಮುಂದುವರಿಯಲಿ, ತಾವೂ ನೆರವಾಗುವೆವು ಎಂಬುದು ಅವರ ಮಾತಿನ ಸಾರ.

ಇಲ್ಲಿ ಒಂದು ಸೂಕ್ಷ್ಮವಿದೆ. ೧೯೩೧ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಗಾಂಧೀಜಿಯವರು, ದೇವರು ಸತ್ಯವೆನ್ನುವುದಕ್ಕಿಂತ ಸತ್ಯವೇ ದೇವರೆನ್ನುವುದು ಲೇಸೆಂದು ವಿವರಿಸುತ್ತ ಬ್ರಾಡ್ಲಾ ಅವರನ್ನು ನೆನೆದಿದ್ದರು. ಆತನು ಒಪ್ಪದಿದ್ದರೂ ಆತನನ್ನು ತಾವು ದೇವಭೀರುವೆಂದೇ ಕರೆಯುವೆವೆಂದಿದ್ದರು. ಇದು ಪ್ರೀತಿಯ ಮಾತೇ ಸರಿ. ಆದರೂ ಎದುರಿನವನು ಒಪ್ಪದ ಹೆಸರನ್ನು ಅವನಿಗೆ ಅಂಟಿಸಿದಂತಾಯಿತು. ೧೯೪೪ರಲ್ಲಿ ಗೋರಾ ಎದುರಿಗೆ ನಿಂತಾಗ ಅವರನ್ನು ಗುಪ್ತ ಆಸ್ತಿಕರನ್ನಾಗಿ ಮಾಡದೆ, ನಾಸ್ತಿಕರಾಗಿಯೇ ಇರಗೊಟ್ಟು ಆದರಿಸಿದರು.

೫. ನೀತಿಗೆ ಬೇರು ಯಾವುದು?

ಹೀಗೆ ಕುಳಿತು ಮಾತನಾಡಿದಾಗ ಇಬ್ಬರೂ ಪರಸ್ಪರ ಕೇಳಬೇಕಾದ ಪ್ರಶ್ನೆಗಳು ಎರಡಿವೆ. ಎರಡೂ ಕಠಿನವಾದವು, ಎರಡರಿಂದಲೂ ತಪ್ಪಿಸಿಕೊಳ್ಳಬಾರದು.

ನಾಸ್ತಿಕನು ಆಸ್ತಿಕನನ್ನು ಕೇಳತಕ್ಕುದು ಇದು: ನೀನು ಕಳವು ಮಾಡದಿರುವುದು ದೇವರು ನೋಡುತ್ತಾನೆಂಬ ಭಯದಿಂದಲೋ, ಕಳವು ಕೆಟ್ಟುದೆಂಬ ಅರಿವಿನಿಂದಲೋ? ಭಯದಿಂದಾದರೆ ಅದು ನೀತಿಯಲ್ಲ, ಕಾವಲುಗಾರನಿಗೆ ಹೆದರಿದ ಕಳ್ಳನ ಸಂಯಮ. ಅರಿವಿನಿಂದಾದರೆ ದೇವರಿಲ್ಲದೆಯೂ ಆ ಅರಿವು ಇರಬಹುದಷ್ಟೆ. ಗ್ರೀಕರಲ್ಲಿ ಪ್ಲೇಟೋ ಎಂಬ ತತ್ತ್ವಜ್ಞನೂ ಇದೇ ತೊಡಕನ್ನು ಎತ್ತಿದ್ದನು. ದೇವರುಗಳಿಗೆ ಪ್ರಿಯವಾದುದರಿಂದ ಒಳ್ಳೆಯದು ಒಳ್ಳೆಯದಾಯಿತೋ, ಒಳ್ಳೆಯದಾದುದರಿಂದ ಅವರಿಗೆ ಪ್ರಿಯವಾಯಿತೋ ಎಂದು ಅವನ ಗ್ರಂಥದಲ್ಲಿ ಸಾಕ್ರಟೀಸನು ಕೇಳುತ್ತಾನೆ. ಈ ಪ್ರಶ್ನೆಯು ಶರಣಮಾರ್ಗದವರನ್ನು ಹೆದರಿಸಬೇಕಾದುದಿಲ್ಲ. ಸ್ವರ್ಗದ ಆಸೆಯಿಂದಲೂ ನರಕದ ಅಂಜಿಕೆಯಿಂದಲೂ ಮಾಡುವ ಭಕ್ತಿಯನ್ನು ಶರಣರು ಮೆಚ್ಚಲಿಲ್ಲ. ಲೇಸಾದ ನಡತೆಯು ಇಲ್ಲಿಯೇ ಸುಖ, ಹೀನವಾದ ನಡತೆಯು ಇಲ್ಲಿಯೇ ದುಃಖವೆಂಬುದು ಅವರ ನಿಲವು. ಆದರೆ ಭಕ್ತರೆನಿಸಿಕೊಂಡವರಲ್ಲಿ ಎಷ್ಟು ಮಂದಿ ಹರಕೆಯನ್ನು ಲಂಚದಂತೆಯೂ ಪೂಜೆಯನ್ನು ತಪ್ಪುಕಾಣಿಕೆಯಂತೆಯೂ ಬಳಸುತ್ತಿಲ್ಲ? ತೂಕದಲ್ಲಿ ಮೋಸಮಾಡಿ ಜಾತ್ರೆಯಲ್ಲಿ ಪಲ್ಲಕ್ಕಿ ಹೊರುವವನನ್ನು ಕಂಡು ಮಗನು ದೇವರಿಲ್ಲವೆಂದರೆ, ಆ ನಾಸ್ತಿಕತೆಗೆ ಮೊದಲ ಗುರುವು ಯಾರು?

ಆಸ್ತಿಕನು ನಾಸ್ತಿಕನನ್ನು ಕೇಳತಕ್ಕುದು ಇದು: ಯಾರೂ ನೋಡುತ್ತಿಲ್ಲ, ಸತ್ಯ ನುಡಿದರೆ ಸರ್ವನಾಶವು ಖಂಡಿತ, ಸುಳ್ಳು ನುಡಿದರೆ ಕೇಳುವವರಿಲ್ಲ, ಆ ಗಳಿಗೆಯಲ್ಲಿ ನಿನ್ನನ್ನು ಹಿಡಿದು ನಿಲ್ಲಿಸುವುದು ಯಾವುದು? ಸಮಾಜದ ಹಿತವೆಂದರೆ, ಆ ಸುಳ್ಳಿನಿಂದ ಸಮಾಜಕ್ಕೆ ಕೇಡಿಲ್ಲದಾಗ ಏನು ಗತಿ? ನನ್ನ ಮನಸ್ಸಾಕ್ಷಿಯೆಂದರೆ, ಆ ಸಾಕ್ಷಿಗೆ ಅಷ್ಟು ಅಧಿಕಾರ ಬಂದುದೆಲ್ಲಿಂದ? ಅಂತರಂಗದ ಆ ಸಾಕ್ಷಿಯನ್ನು ಭಕ್ತನು ಲಿಂಗವೆನ್ನುತ್ತಾನೆ, ನಾಸ್ತಿಕನು ಮಾನವತ್ವವೆನ್ನುತ್ತಾನೆ. ಎರಡೂ ಒಂದೇ ಎಂದು ಅವಸರದಿಂದ ಸಾರುವುದು ಸಲ್ಲದು. ಸಾಕ್ಷಿಯು ತನಗಿಂತ ಹಿರಿದಾದ ಚೈತನ್ಯದ ಬೆಳಗೆಂದು ಭಕ್ತನ ಅನುಭವ. ಅದು ಮನುಷ್ಯರು ಕೂಡಿ ಬಾಳಿ ಬೆಳೆಸಿಕೊಂಡ ಗುಣವೆಂದು ನಾಸ್ತಿಕನ ನಿಶ್ಚಯ. ಭೇದವು ಉಳಿಯುತ್ತದೆ. ಆದರೆ ಆ ಗಳಿಗೆಯಲ್ಲಿ ಸತ್ಯವನ್ನೇ ನುಡಿಯಬೇಕೆಂಬಲ್ಲಿ ಇಬ್ಬರೂ ಒಟ್ಟಿಗೆ ನಿಂತಿರುತ್ತಾರೆ.

೬. ಆಚಾರವೆಂಬ ಒರೆಗಲ್ಲು

ವೀರಶೈವರ ಪಂಚಾಚಾರಗಳನ್ನು ಈ ಬೆಳಕಿನಲ್ಲಿ ನೋಡಬೇಕು. ಲಿಂಗಾಚಾರವು ಇಷ್ಟಲಿಂಗನಿಷ್ಠೆ. ಸದಾಚಾರವು ಸತ್ಯಶುದ್ಧವಾದ ಕಾಯಕದಿಂದ ಗಳಿಸಿ ದಾಸೋಹಕ್ಕೆ ಸಲ್ಲಿಸುವುದು. ಶಿವಾಚಾರವು ಭಕ್ತರಲ್ಲಿ ಕುಲಜಾತಿಗಳ ಭೇದವನ್ನೆಣಿಸದಿರುವುದು. ಭೃತ್ಯಾಚಾರವು ಕಿಂಕರಭಾವ. ಗಣಾಚಾರವು ಧರ್ಮಕ್ಕೂ ಸಮಾಜಕ್ಕೂ ಕೇಡೊದಗಿದಾಗ ಸಹಿಸದೆ ಎದ್ದು ನಿಲ್ಲುವುದು. ಐದರಲ್ಲಿ ಮೊದಲನೆಯದು ಭಕ್ತನಿಗೂ ಲಿಂಗಕ್ಕೂ ಸಂಬಂಧಿಸಿದುದು. ಉಳಿದ ನಾಲ್ಕೂ ಮನುಷ್ಯನು ಮನುಷ್ಯರೊಡನೆ ನಡೆಯುವ ನಡೆಗೆ ಸಂಬಂಧಿಸಿದವು. ಆ ನಾಲ್ಕರಲ್ಲಿ ನಾಸ್ತಿಕನೂ ಪರೀಕ್ಷೆಗೆ ನಿಲ್ಲಬಲ್ಲನು. ಆಸ್ತಿಕನನ್ನು ಪರೀಕ್ಷಿಸಲೂ ಬಲ್ಲನು.

ಸೇವಾಗ್ರಾಮದ ಸಂವಾದವು ಮುಂದೆ ಅಂಥ ಪರೀಕ್ಷೆಗೆ ಬಂದಿತು. ಗೋರಾ ಅವರು ತಮ್ಮ ಹಿರಿಯ ಮಗಳನ್ನು ಅಸ್ಪೃಶ್ಯರೆನಿಸಿದ್ದ ಕುಲದ ಯುವಕನಿಗೆ ಕೊಟ್ಟು ವಿವಾಹ ಮಾಡಲು ನಿಶ್ಚಯಿಸಿದರು. ಅದನ್ನು ಸೇವಾಗ್ರಾಮದಲ್ಲಿ ನಡೆಸಲು ಗಾಂಧೀಜಿ ಒಪ್ಪಿದರು. ನಾಸ್ತಿಕರ ಮನೆಯ ವಿವಾಹದಲ್ಲಿ ದೇವರ ಹೆಸರಿನ ಪ್ರತಿಜ್ಞೆ ಸಲ್ಲದಾದುದರಿಂದ, ಆ ಸ್ಥಾನದಲ್ಲಿ ಸತ್ಯದ ಹೆಸರನ್ನಿಡಲೂ ಅವರು ಸಮ್ಮತಿಸಿದರು. ದಿನಕ್ಕೆರಡು ಬಾರಿ ಪ್ರಾರ್ಥನೆ ಮಾಡುತ್ತಿದ್ದ ಭಕ್ತರೊಬ್ಬರು ಇನ್ನೊಬ್ಬರ ಮನಸ್ಸಾಕ್ಷಿಗಾಗಿ ವಿವಾಹವಿಧಿಯನ್ನೇ ಮಾರ್ಪಡಿಸಿದರು. ೧೯೪೮ರ ಜನವರಿ ೩೦ರಂದು ಗಾಂಧೀಜಿ ಪ್ರಾರ್ಥನಾಸಭೆಗೆ ಹೋಗುತ್ತಿರುವಾಗಲೇ ಕೊಲೆಗೀಡಾದರು. ಅದೇ ಮಾರ್ಚ್ ತಿಂಗಳಲ್ಲಿ ಆ ವಿವಾಹವು ಸೇವಾಗ್ರಾಮದಲ್ಲಿಯೇ ನೆರವೇರಿತು.

ಇದನ್ನೋದುವ ಶಿವಭಕ್ತರ ಮನಸ್ಸು ತಾನಾಗಿಯೇ ಕಲ್ಯಾಣದ ಕಡೆಗೆ ಹರಿಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಚಮ್ಮಾರ ಕಾಯಕದ ಹರಳಯ್ಯನ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಮಧುವರಸನ ಮಗಳಿಗೂ ಲಗ್ನವಾಯಿತು, ಅದಕ್ಕಾಗಿ ಆ ತಂದೆಯರಿಬ್ಬರೂ ಕ್ರೂರವಾದ ಮರಣದಂಡನೆಗೆ ಗುರಿಯಾದರು ಎಂದು ಸಂಪ್ರದಾಯವು ಹೇಳುತ್ತದೆ. ಶಿವನನ್ನು ನಂಬಿದುದರಿಂದ ಅವರು ಮಾಡಿದುದನ್ನು, ದೇವರನ್ನು ನಂಬದವರೊಬ್ಬರು ೧೯೪೮ರಲ್ಲಿ ಮಾಡಿದರು. ಶರಣರ ಹೆಸರಿನಲ್ಲಿ ಪ್ರತಿವರ್ಷವೂ ಜಯಂತಿಯನ್ನಾಚರಿಸುವ ಮನೆಗಳಲ್ಲಿ ಸಂಬಂಧ ಕೂಡಿಸುವಾಗ ಮೊದಲು ಕೇಳುವ ಪ್ರಶ್ನೆಯು ಯಾವುದು? ಒಳಪಂಗಡವಲ್ಲವೆ? ಹಾಗಿರುವಾಗ ಹರಳಯ್ಯ ಮಧುವರಸರ ಹತ್ತಿರಕ್ಕೆ ಬಂದವರು ಯಾರು, ದೂರ ಉಳಿದವರು ಯಾರು ಎಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ತನ್ನ ಇಷ್ಟಲಿಂಗದ ಸನ್ನಿಧಿಯಲ್ಲಿಯೇ ಕೇಳಿಕೊಳ್ಳಬೇಕು. ನಾಸ್ತಿಕನೊಡನೆ ನಡೆಸುವ ಸಂವಾದದಿಂದ ಭಕ್ತನಿಗೆ ದೊರೆಯುವ ಲಾಭವೆಂದರೆ ಇದೇ. ತನ್ನವರು ಸಂಕೋಚದಿಂದ ಕೇಳದ ಪ್ರಶ್ನೆಯನ್ನು ಹೊರಗಿನವನು ಕೇಳುತ್ತಾನೆ.

ಮಾತು ನಿಂತಲ್ಲಿ ಏನಾಗುತ್ತದೆಂಬುದನ್ನೂ ಕಂಡಿದ್ದೇವೆ. ಮಹಾರಾಷ್ಟ್ರದಲ್ಲಿ ಮೂಢನಂಬಿಕೆಗಳ ವಿರುದ್ಧ ದುಡಿದ ವಿಚಾರವಾದಿ ನರೇಂದ್ರ ದಾಭೋಲ್ಕರರು ೨೦೧೩ರ ಆಗಸ್ಟ್ ೨೦ರಂದು ಪುಣೆಯಲ್ಲಿ ಗುಂಡೇಟಿಗೆ ಬಲಿಯಾದರು. ೨೦೧೫ರ ಆಗಸ್ಟ್ ೩೦ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿಯೇ ಡಾ. ಎಂ. ಎಂ. ಕಲಬುರ್ಗಿಯವರು ಕೊಲೆಯಾದರು. ವಚನಸಾಹಿತ್ಯದ ಸಂಪಾದನೆಗೆ ಆಯುಷ್ಯವನ್ನೇ ಸವೆಸಿದ ವಿದ್ವಾಂಸರವರು. ಅವರ ಮತಗಳನ್ನು ಒಪ್ಪದ ಭಕ್ತರು ಅನೇಕರಿರಬಹುದು. ಆದರೆ ಒಪ್ಪದುದಕ್ಕೆ ಉತ್ತರವು ಇನ್ನೊಂದು ಲೇಖನವೇ ಹೊರತು ಆಯುಧವಲ್ಲ. ಅಲ್ಲಮಪ್ರಭುಗಳು ಸಿದ್ಧರಾಮನನ್ನು ಸೊನ್ನಲಿಗೆಯಲ್ಲಿ ಕಂಡಾಗ ಆಡಿದ ಮಾತುಗಳು ಎಷ್ಟು ಕಟುವಾಗಿದ್ದುವೆಂಬುದು ಶೂನ್ಯಸಂಪಾದನೆಯನ್ನೋದಿದವರಿಗೆ ಗೊತ್ತಿದೆ. ಅಲ್ಲಿ ಇಬ್ಬರೂ ಆಸ್ತಿಕರೇ. ಆದರೂ ಆ ಕಾಠಿಣ್ಯವು ಎದುರಿನವನನ್ನು ಎತ್ತುವುದಕ್ಕಾಗಿದ್ದಿತು. ಕೇಳುವವನೂ ಕಡೆಯವರೆಗೆ ನಿಂತು ಕೇಳಿದನು.

೭. ಗೃಹಸ್ಥರಿಗೆ ಅನುಷ್ಠಾನಕ್ರಮ

ಮೇಲಿನ ವಿಚಾರದಿಂದ ಗೃಹಸ್ಥರು ಗ್ರಹಿಸಬೇಕಾದ ನಿಯಮಗಳು ಇವು.

ಒಂದನೆಯದು, ನಂಬೆನೆನ್ನುವವನನ್ನು ಆತನು ಯಾವುದನ್ನು ನಂಬುವುದಿಲ್ಲವೆಂದು ಮೊದಲು ಕೇಳಬೇಕು. ಹಲವು ವೇಳೆ ಆತನು ನಿರಾಕರಿಸುವ ದೇವರನ್ನು ಶರಣರೂ ನಿರಾಕರಿಸಿದ್ದುಂಟು.

ಎರಡನೆಯದು, ಆತನ ಮಾತನ್ನು ಆತನೇ ಹೌದೆನ್ನುವಂತೆ ಒಮ್ಮೆ ತಿರುಗಿ ಹೇಳಿ ತೋರಿಸಬೇಕು. ಪೂರ್ವಪಕ್ಷವನ್ನು ಹೇಳಲಾರದವನಿಗೆ ಸಿದ್ಧಾಂತವನ್ನು ಹೇಳುವ ಅಧಿಕಾರವಿಲ್ಲ.

ಮೂರನೆಯದು, ನಾಲ್ವರ ಮುಂದೆ ಈ ಮಾತನ್ನೆತ್ತಬಾರದ. ನೋಡುವವರಿದ್ದಲ್ಲಿ ವಾದವು ಜಲ್ಪವಾಗುವುದಕ್ಕೆ ಹೊತ್ತು ಬೇಕಾಗುವುದಿಲ್ಲ.

ನಾಲ್ಕನೆಯದು, ಬಲವಂತವಾಗಿ ಪೂಜೆಗೆ ಕೂಡಿಸಬಾರದು. ಮನಸ್ಸಿಲ್ಲದೆ ಕುಳಿತವನ ಕೈಯಲ್ಲಿ ಲಿಂಗವಿದ್ದರೂ ಅಲ್ಲಿ ಪೂಜೆಯಿಲ್ಲ. ಹಾಗೆಯೇ ನಂಬದವನೂ ಮನೆಯವರ ಪೂಜೆಯ ಹೊತ್ತಿನಲ್ಲಿ ಅವರ ಶಾಂತಿಯನ್ನು ಕಾಪಾಡತಕ್ಕುದು. ಮರ್ಯಾದೆಯು ಎರಡು ಕಡೆಯಿಂದಲೂ ಸಲ್ಲಬೇಕಾದ ಋಣ.

ಐದನೆಯದು, ಇಬ್ಬರೂ ಕೂಡಿ ಒಂದು ಕೆಲಸವನ್ನು ಕೈಗೊಳ್ಳಬೇಕು. ಊರಿನ ಕೆರೆಯ ಹೂಳೆತ್ತುವುದೋ, ಬಡಮಕ್ಕಳ ಪ್ರಸಾದನಿಲಯಕ್ಕೆ ಧಾನ್ಯ ಕೂಡಿಸುವುದೋ ಯಾವುದಾದರೂ ಆಗಬಹುದು. ಸೇವಾಗ್ರಾಮದಲ್ಲಿ ಮಾತು ಮುರಿಯದೆ ಉಳಿದುದು ಇಬ್ಬರಿಗೂ ಅಸ್ಪೃಶ್ಯತೆಯ ನಿವಾರಣೆಯೆಂಬ ಸಮಾನವಾದ ಕಾಯಕವಿದ್ದುದರಿಂದ.

ಆರನೆಯದು, ಕೊನೆಯ ತೀರ್ಪಿಗೆ ಅವಸರಪಡಬಾರದು. ಗೋರಾ ಅವರು ೧೯೭೫ರಲ್ಲಿ ತೀರಿಕೊಳ್ಳುವವರೆಗೂ ನಾಸ್ತಿಕರಾಗಿಯೇ ಇದ್ದರು. ಗಾಂಧೀಜಿ ಕೊನೆಯವರೆಗೂ ಭಕ್ತರಾಗಿಯೇ ಇದ್ದರು. ಯಾರೂ ಯಾರನ್ನೂ ಗೆಲ್ಲಲಿಲ್ಲ. ಆದರೂ ಆ ಸಂವಾದವು ವ್ಯರ್ಥವಾಗಲಿಲ್ಲ. ಅದರ ಫಲವಾಗಿ ಇಬ್ಬರು ಎಳೆಯರ ಬಾಳು ಕೂಡಿತು. ಕುಲದ ಗೋಡೆಯಲ್ಲಿ ಒಂದು ಕಲ್ಲು ಸಡಿಲವಾಯಿತು.

ಪೂಜೆಗೆ ಕೂಡಲೊಲ್ಲದ ಮಗನು ಸುಳ್ಳಾಡದವನೂ, ದುಡಿದು ಉಣ್ಣುವವನೂ, ಬಡವನನ್ನು ಕಂಡರೆ ಕರಗುವವನೂ ಆಗಿದ್ದರೆ, ಸದಾಚಾರದ ಬಹುಭಾಗವು ಆತನಲ್ಲಿ ನೆಲೆಸಿದೆಯೆಂದೇ ತಂದೆಯು ತಿಳಿಯಬೇಕು. ಉಳಿದುದನ್ನು ಮಾತಿನಿಂದ ತುಂಬಲಾಗದು. ತಂದೆಯ ಪೂಜೆಯು ತಂದೆಯನ್ನು ಎಷ್ಟು ಮೃದುವಾಗಿಯೂ ನಿರ್ಭಯನಾಗಿಯೂ ಸತ್ಯವಂತನಾಗಿಯೂ ಮಾಡಿದೆಯೆಂಬುದನ್ನು ಮಗನು ದಿನವೂ ನೋಡುತ್ತಿರುತ್ತಾನೆ. ದೇವರ ಪರವಾಗಿ ಆ ಮನೆಯಲ್ಲಿ ಸಲ್ಲುವ ಪ್ರಮಾಣವು ಅದೊಂದೇ. ಅಂಥ ನಡತೆಯನ್ನು ಕರುಣಿಸೆಂದು ಭಕ್ತರು ಶಿವನನ್ನು ಬೇಡಿಕೊಳ್ಳಲಿ.